ಕಡಲ ರಕ್ಷಣೆಯ ಲೆಕ್ಕದಲ್ಲಿ ದೋಣಿಯುಂಟು, ಬುಟ್ಟಿಯಿಲ್ಲ

ಸಮುದ್ರದ ಒಂದು ಭಾಗವನ್ನು ರಕ್ಷಿತ ಪ್ರದೇಶವೆಂದು ಘೋಷಿಸುವ ಮೊದಲು ಒಂದು ಪಟ್ಟಿ ತಯಾರಾಗುತ್ತದೆ: ಇಲ್ಲಿ ಮೀನು ಹಿಡಿಯುವವರು ಯಾರು? ಪಟ್ಟಿ ಮಾಡುವವರು ದಕ್ಕೆಗೆ ಹೋಗಿ ದೋಣಿ ಎಣಿಸುತ್ತಾರೆ, ಎಂಜಿನ್ನಿನ ಅಶ್ವಶಕ್ತಿ ಬರೆದುಕೊಳ್ಳುತ್ತಾರೆ, ಬಲೆಯ ಕಣ್ಣುಗಳ ಅಳತೆ ಕೇಳುತ್ತಾರೆ. ಅದೇ ಹೊತ್ತಿಗೆ ದಕ್ಕೆಯಿಂದ ಅರ್ಧ ಕಿಲೋಮೀಟರ್ ಆಚೆ, ನೀರು ಇಳಿದ ದಿಬ್ಬದ ಮೇಲೆ ಬಗ್ಗಿ ಚಿಪ್ಪು ಹೆಕ್ಕುತ್ತಿರುವವರ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಅವರಿಗೆ ದೋಣಿಯಿಲ್ಲ, ಎಂಜಿನ್ ಇಲ್ಲ, ಪರವಾನಗಿ ಇಲ್ಲ. ಇರುವುದು ಒಂದು ಕಬ್ಬಿಣದ ಸಲಾಕೆ, ಒಂದು ಬುಟ್ಟಿ. ಜಗತ್ತಿನ ಬಹುಪಾಲು ಕರಾವಳಿಗಳಲ್ಲಿ ಹೀಗೆ ಹೆಕ್ಕುವವರು ಹೆಚ್ಚಾಗಿ ಹೆಂಗಸರೇ.

ಕಡಲ ಸಂರಕ್ಷಣೆಯಲ್ಲಿ ಲಿಂಗ ಸಮಾನತೆ ಎಂದೊಡನೆ ಮಾತು ಸಮಿತಿಯ ಕುರ್ಚಿಗಳ ಕಡೆ ಹೊರಳುತ್ತದೆ. ಮಹಿಳೆಯರಿಗೆ ಎಷ್ಟು ಸ್ಥಾನ, ಅಧ್ಯಕ್ಷೆ ಯಾರು, ಸಭೆಗೆ ಎಷ್ಟು ಜನ ಬಂದರು. ಕುರ್ಚಿಯೂ ಬೇಕು, ಬೇಡವೆನ್ನುವಂತಿಲ್ಲ. ಆದರೆ ಸಮಿತಿ ಕೂರುವ ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಮೀನುಗಾರಿಕೆ ಎಂದರೆ ಯಾವುದು, ಹಿಡಿದದ್ದನ್ನು ಯಾವ ಅಳತೆಯಲ್ಲಿ ಬರೆಯಬೇಕು, ನಕ್ಷೆಯ ಗೆರೆ ಎಲ್ಲಿಂದ ಶುರು, ಪರಿಹಾರದ ಹಣ ಯಾರ ಹೆಸರಿಗೆ. ಈ ನಾಲ್ಕೂ ತಾಂತ್ರಿಕ ವಿಷಯಗಳ ಹಾಗೆ ಕಾಣುತ್ತವೆ, ಆದ್ದರಿಂದಲೇ ಯಾರೂ ಪ್ರಶ್ನೆ ಎತ್ತುವುದಿಲ್ಲ. ಅನ್ಯಾಯದ ಹೆಚ್ಚಿನ ಪಾಲು ನಡೆಯುವುದು ಇಲ್ಲೇ.

ಯಾರನ್ನು ಮೀನುಗಾರರೆಂದು ಕರೆಯುತ್ತೇವೆ

ವ್ಯಾಖ್ಯೆ ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ ನೋಡಿ. ಸಮುದ್ರದ ಸಣ್ಣ ಪ್ರಮಾಣದ ಮೀನುಗಾರಿಕೆಯಲ್ಲಿ ನೇರವಾಗಿ ಹಿಡಿಯುವ ಕೆಲಸವನ್ನಷ್ಟೇ ತೆಗೆದುಕೊಂಡು 2020ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಅದರಲ್ಲಿ ಮಹಿಳೆಯರು ಸುಮಾರು 21 ಲಕ್ಷ, ಅಂದರೆ ಶೇ 11ರಷ್ಟು. ಅವರು ವರ್ಷಕ್ಕೆ ಹಿಡಿಯುವುದು ಸುಮಾರು 29 ಲಕ್ಷ ಟನ್. ಇನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಸಹಭಾಗಿಗಳೊಡನೆ 2023ರಲ್ಲಿ ಹೊರತಂದ ವರದಿ ಒಳನಾಡಿನ ನೀರನ್ನೂ ಸೇರಿಸಿಕೊಂಡು, ಹಿಡಿಯುವುದು, ಒಣಗಿಸುವುದು, ಸಾಗಿಸುವುದು, ಮಾರುವುದು, ಮನೆಯೂಟಕ್ಕೆ ಹೆಕ್ಕುವುದು ಎಲ್ಲವನ್ನೂ ಎಣಿಸಿತು. ಆಗ ಸಿಕ್ಕ ಉತ್ತರ: ಸಣ್ಣ ಪ್ರಮಾಣದ ಮೀನುಗಾರಿಕೆಯ ಪ್ರತಿ ಹತ್ತು ಜನರಲ್ಲಿ ನಾಲ್ವರು ಮಹಿಳೆಯರು. ಹನ್ನೊಂದಕ್ಕೂ ನಲವತ್ತಕ್ಕೂ ನಡುವೆ ಇರುವುದು ಮುಖ್ಯವಾಗಿ ವ್ಯಾಖ್ಯೆಯ ಅಂತರ.

ಒಂದೇ ಜಾಗದಲ್ಲೂ ಹೀಗಾಗುತ್ತದೆ. ಫಿಲಿಪ್ಪೀನ್ಸಿನ ಡನಾಹೊನ್ ಹವಳದ ದಂಡೆಯ ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಳಿತದಲ್ಲಿ ನಡೆದು ಹೆಕ್ಕುವುದನ್ನೂ ಮೀನುಗಾರಿಕೆ ಎಂದು ಎಣಿಸಿದಾಗ ಮೀನುಗಾರರಲ್ಲಿ ಶೇ 42ರಷ್ಟು ಮಹಿಳೆಯರು ಎಂದು ತಿಳಿಯಿತು. ಹಳ್ಳಿಗಳಲ್ಲಿ ಹಿಡಿದದ್ದರ ಒಟ್ಟು ತೂಕದಲ್ಲಿ ಸುಮಾರು ಕಾಲು ಭಾಗ ಅವರದು. ಆ ಕಾಲು ಭಾಗವನ್ನು ಬಿಟ್ಟು ಮಾಡಿದ ಸಂರಕ್ಷಣಾ ಯೋಜನೆ ಹೆಂಗಸರಿಗೆ ಅನ್ಯಾಯ ಮಾಡುವುದರ ಜೊತೆಗೆ ಜೀವಶಾಸ್ತ್ರದ ಲೆಕ್ಕದಲ್ಲೂ ತಪ್ಪುತ್ತದೆ. ಕಡಲಿನಿಂದ ಏನು, ಎಷ್ಟು ಹೊರಗೆ ಹೋಗುತ್ತಿದೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಸಮೀಕ್ಷೆಯಲ್ಲಿ ತಪ್ಪು ಹೊಕ್ಕುವ ಬಾಗಿಲು ಬಹಳ ಸಣ್ಣದು. ‘ಈ ಮನೆಯಲ್ಲಿ ಮೀನುಗಾರರು ಯಾರು?’ ಎಂದು ಕೇಳಿದರೆ ಮನೆಯೊಡತಿಯೂ ಗಂಡನ ಹೆಸರನ್ನೇ ಹೇಳುತ್ತಾಳೆ. ತಾನು ಹೆಕ್ಕುವುದು ಅವಳ ಬಾಯಲ್ಲೂ ‘ಸುಮ್ಮನೆ ದಂಡೆಗೆ ಹೋಗಿ ಬರುವುದು’. ಪ್ರಶ್ನೆಯನ್ನು ಹೀಗೆ ತಿರುಗಿಸಬೇಕು: ‘ಕಳೆದ ಏಳು ದಿನಗಳಲ್ಲಿ ಈ ಮನೆಯಿಂದ ಯಾರು ಯಾರು ದಂಡೆಗೆ, ದಿಬ್ಬಕ್ಕೆ, ಅಳಿವೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗಿ ತಿನ್ನಲು ಅಥವಾ ಮಾರಲು ಏನಾದರೂ ತಂದರು?’ ಮಕ್ಕಳನ್ನೂ ಸೇರಿಸಿ ಒಬ್ಬೊಬ್ಬರ ಹೆಸರು ಬರೆದುಕೊಳ್ಳಬೇಕು. ಗಂಡಸು ಪಕ್ಕದಲ್ಲಿ ನಿಂತಿದ್ದರೆ ಉತ್ತರ ಅವನ ಬಾಯಿಂದಲೇ ಬರುತ್ತದೆ, ಆದ್ದರಿಂದ ಪ್ರತ್ಯೇಕವಾಗಿ ಕೂತು ಕೇಳಬೇಕು.

ಎರಡನೆಯ ತಪ್ಪು ದಿನದ ಆಯ್ಕೆಯದು. ದೋಣಿಯ ಲೆಕ್ಕಕ್ಕೆ ತಿಂಗಳಲ್ಲಿ ಯಾವ ದಿನ ಹೋದರೂ ನಡೆದೀತು. ಹೆಕ್ಕುವವರ ಕೆಲಸ ನಡೆಯುವುದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ಐದಾರು ದಿನ, ನೀರು ಅತಿ ಕೆಳಗೆ ಹೋದಾಗ ಮಾತ್ರ. ತಿಂಗಳಿಗೆ ಸುಮಾರು ಹತ್ತು ಹನ್ನೆರಡು ದಿನ, ದಿನಕ್ಕೆ ಎರಡು ಮೂರು ತಾಸು. ಸಮೀಕ್ಷೆಯವರು ಅಷ್ಟಮಿಯ ಆಸುಪಾಸಿಗೆ ಬಂದರೆ ದಂಡೆ ಖಾಲಿ. ಅವರು ‘ಇಲ್ಲಿ ಹೆಕ್ಕುವ ಚಟುವಟಿಕೆ ಇಲ್ಲ’ ಎಂದು ಬರೆದುಕೊಂಡು ಹೋದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಸಮೀಕ್ಷೆಯ ದಿನಗಳನ್ನು ದೊಡ್ಡ ಇಳಿತದವು, ಸಣ್ಣ ಇಳಿತದವು ಎಂದು ಮೊದಲೇ ವಿಂಗಡಿಸಿ, ಎರಡರಿಂದಲೂ ಮಾದರಿ ತೆಗೆಯಬೇಕು. ಎಣಿಸುವ ಜಾಗವೂ ದಕ್ಕೆಯಾಗಿದ್ದರೆ ಸಾಲದು. ಬುಟ್ಟಿಗಳು ಊರು ಸೇರುವುದು ಬೇರೆ ಕಾಲುದಾರಿಗಳಿಂದ.

ಮೂರನೆಯದು ಅಳತೆ. ದೋಣಿಯ ಶ್ರಮವನ್ನು ‘ದೋಣಿ-ದಿನ’ಗಳಲ್ಲಿ ಎಣಿಸುತ್ತಾರೆ. ನಡೆದು ಹೆಕ್ಕುವವರಿಗೆ ಹೊಂದುವುದು ‘ಆಳು-ತಾಸು’: ಒಬ್ಬರು ಒಂದು ತಾಸಿಗೆ ಎಷ್ಟು ಕಿಲೋ. ಚಿಪ್ಪು ಸಮೇತ ತೂಗಿದ್ದೋ, ಬೇಯಿಸಿ ಬಿಡಿಸಿದ ಮಾಂಸವನ್ನೋ ಎಂಬುದನ್ನು ಬರೆಯದಿದ್ದರೆ ಅಂಕಿ ಹಲವು ಪಟ್ಟು ಹಿಗ್ಗಬಹುದು, ಕುಗ್ಗಬಹುದು. ಪ್ರತಿ ಜಾತಿಯ ಮೂವತ್ತು ಚಿಪ್ಪುಗಳನ್ನು ಮೊದಲು ಇಡಿಯಾಗಿ, ಆಮೇಲೆ ಬಿಡಿಸಿ ತೂಗಿ ಅನುಪಾತ ಕಂಡುಕೊಂಡರೆ ಮುಂದೆ ಬುಟ್ಟಿ ಎಣಿಸಿದರೂ ಸಾಕಾಗುತ್ತದೆ. ಬುಟ್ಟಿ ಮಾತ್ರ ಎಲ್ಲರದೂ ಒಂದೇ ಗಾತ್ರದ್ದೇ ಎಂದು ನೋಡಿಕೊಳ್ಳಬೇಕು.

ಇಷ್ಟೆಲ್ಲ ಯಾಕೆಂದರೆ, ತೋರಿಕೆಗೆ ಒಂದು ಲೆಕ್ಕ ಹಾಕೋಣ. ಒಂದು ಹಳ್ಳಿಯಲ್ಲಿ ಹತ್ತು ದೋಣಿ, ತಿಂಗಳಿಗೆ 20 ದಿನ, ದಿನಕ್ಕೆ 15 ಕಿಲೋ: 3,000 ಕಿಲೋ. ಅರವತ್ತು ಹೆಂಗಸರು, 12 ದಿನ, ತಲಾ 3 ಕಿಲೋ: 2,160 ಕಿಲೋ. ಬುಟ್ಟಿಯನ್ನು ಬಿಟ್ಟರೆ ಹಳ್ಳಿಯವರು ಹಿಡಿದದ್ದರ ಶೇ 42 ಭಾಗ ಕಾಗದದಲ್ಲಿ ಇಲ್ಲ. ನಾಳೆ ಆ ದಿಬ್ಬವನ್ನು ಮುಚ್ಚಿದರೆ ದೋಣಿಯ 3,000 ಕಿಲೋ ಹಾಗೇ ಇರುತ್ತದೆ. ವರ್ಷದ ಕೊನೆಗೆ ವರದಿ ಹೇಳುತ್ತದೆ: ‘ನಿಷೇಧದಿಂದ ಜೀವನೋಪಾಯಕ್ಕೆ ಧಕ್ಕೆಯಾಗಿಲ್ಲ.’ ಬರೆದವರು ಪ್ರಾಮಾಣಿಕರೇ ಇರಬಹುದು, ಅವರ ಅಂಕಿಗಳೂ ಸರಿಯೇ.

ಎರಡು ಮಿಲಿಮೀಟರ್ ದಂಡೆ

ರಕ್ಷಿತ ವಲಯದ ಗೆರೆ ಎಲ್ಲಿ ಬೀಳುತ್ತದೆ ಎಂಬುದಕ್ಕೆ ಜೀವವೈವಿಧ್ಯದಷ್ಟೇ ಕಾವಲಿನ ಖರ್ಚೂ ಕಾರಣ. ದೂರದ ನೀರನ್ನು ಕಾಯಲು ದೋಣಿ, ಇಂಧನ, ಸಿಬ್ಬಂದಿ ಬೇಕು. ಊರಿನ ಎದುರಿನ ದಿಬ್ಬವನ್ನು ದಂಡೆಯ ಮೇಲೆ ಕೂತೇ ಕಾಯಬಹುದು. ಹೀಗಾಗಿ ‘ಇಲ್ಲಿ ಏನನ್ನೂ ತೆಗೆಯುವಂತಿಲ್ಲ’ ಎಂಬ ವಲಯ ಮತ್ತೆ ಮತ್ತೆ ಊರಿಗೆ ಹತ್ತಿರದ, ಕಣ್ಣಿಗೆ ಕಾಣುವ, ಆಳವಿಲ್ಲದ ನೀರಿಗೇ ಬಂದು ಬೀಳುತ್ತದೆ. ಅದು ನಡೆದು ಹೋಗಬಲ್ಲ ಏಕೈಕ ಕಡಲು. ದೋಣಿಯವನು ಐದು ಕಿಲೋಮೀಟರ್ ಆಚೆ ಹೋಗಿ ಬಲೆ ಬಿಡುತ್ತಾನೆ, ಅವನಿಗೆ ಇಂಧನದ ಖರ್ಚು ಹೆಚ್ಚುತ್ತದೆ ಅಷ್ಟೆ. ನಡೆಯುವವಳಿಗೆ ದಿಬ್ಬ ತೆರೆದಿರುವುದೇ ಎರಡು ಮೂರು ತಾಸು. ಆಚಿನ ದಿಬ್ಬಕ್ಕೆ ಹೋಗಿ ಬರಲು ಒಂದೂವರೆ ತಾಸು ತಗುಲಿದರೆ ಆ ದಿನದ ಕೆಲಸದ ಅರ್ಧ ಹೋಯಿತು. ಮನೆಯಲ್ಲಿ ಕೂಸಿದ್ದರೆ ಹೋಗುವ ಪ್ರಶ್ನೆಯೇ ಇಲ್ಲ.

ನಕ್ಷೆಯ ಮಾನವೂ ಇದರಲ್ಲಿ ಸೇರಿಕೊಂಡಿದೆ. 1:50,000 ಮಾನದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ನೂರು ಮೀಟರ್ ಅಗಲದ ಇಳಿತದ ಪಟ್ಟಿ ಅದರಲ್ಲಿ ಎರಡು ಮಿಲಿಮೀಟರ್, ದಪ್ಪ ಪೆನ್ನಿನಲ್ಲಿ ಗಡಿ ಎಳೆದರೆ ಗೆರೆಯೊಳಗೇ ಮುಳುಗಿಹೋಗುತ್ತದೆ. ಭರತಕ್ಕೂ ಇಳಿತಕ್ಕೂ ನಡುವಿನ ಈ ಪಟ್ಟಿ ಹಲವು ಕಡೆ ಆಡಳಿತದಲ್ಲೂ ಅನಾಥ. ನೆಲದ ಇಲಾಖೆಗೆ ಅದು ನೀರು, ಮೀನುಗಾರಿಕೆ ಇಲಾಖೆಗೆ ಅದು ನೆಲ. ಅಳಿವೆ, ದಿಬ್ಬ, ಕಾಂಡ್ಲಾ ಇರುವ ಕಡೆ 1:5,000ದಷ್ಟು ದೊಡ್ಡ ಮಾನದ ಬೇರೆ ನಕ್ಷೆ ಬೇಕು. ಅದನ್ನು ಹೆಂಗಸರ ಗುಂಪೊಂದು, ಗಂಡಸರ ಗುಂಪೊಂದು ಬೇರೆ ಬೇರೆಯಾಗಿ ಗುರುತಿಸಬೇಕು: ಯಾವ ಜಾಗದ ಹೆಸರೇನು, ಅಲ್ಲಿ ಏನು ಸಿಗುತ್ತದೆ, ಯಾವ ತಿಂಗಳು, ಎಷ್ಟು ನೀರಿದ್ದಾಗ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಒಂದೇ ಸಭೆಯಲ್ಲಿ ಒಂದೇ ನಕ್ಷೆ ಮಾಡಿಸಿದರೆ ಪೆನ್ನು ಯಾರ ಕೈಯಲ್ಲಿದೆಯೋ ಅವರ ಕಡಲು ಮಾತ್ರ ಅದರಲ್ಲಿ ಮೂಡುತ್ತದೆ.

ಮನ್ನಾರ್ ಕೊಲ್ಲಿಯಲ್ಲಿ ಆದದ್ದು ಇದೇ ಬಗೆಯ ಘರ್ಷಣೆ. ತಮಿಳುನಾಡಿನ ಆ ಕೊಲ್ಲಿಯ 21 ದ್ವೀಪಗಳನ್ನೂ ಸುತ್ತಲಿನ ಆಳವಿಲ್ಲದ ನೀರನ್ನೂ 1986ರಲ್ಲಿ ಸಮುದ್ರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ರಾಮನಾಥಪುರದ ಕರಾವಳಿಯ ಹೆಂಗಸರು ತಲೆಮಾರುಗಳಿಂದ ಮುಳುಗಿ ಕಡಲ ಪಾಚಿ ಕೀಳುತ್ತಿದ್ದುದು ಆ ದ್ವೀಪಗಳ ಸುತ್ತಲೇ. ಉದ್ಯಾನದ ನಿಯಮ ಬಿಗಿಯಾದಾಗ ಅವರ ನಿತ್ಯದ ಕೆಲಸ ಅಪರಾಧವಾಯಿತು. ಸಂಘಟಿತರಾದ ಅವರು ತಮಗೆ ತಾವೇ ನಿಯಮ ಹಾಕಿಕೊಂಡರು: ತಿಂಗಳಿಗೆ ಹನ್ನೆರಡೇ ದಿನ ಕೀಳುವುದು, ಹುಣ್ಣಿಮೆಗೆ ಆರು, ಅಮಾವಾಸ್ಯೆಗೆ ಆರು. ಲೋಹದ ಹೆರೆಗತ್ತಿ ಬಳಸುವಂತಿಲ್ಲ, ಕೈಯಲ್ಲೇ ಕೀಳಬೇಕು. ಬುಡ ಉಳಿದರೆ ಪಾಚಿ ಮತ್ತೆ ಚಿಗುರುತ್ತದೆ, ಹವಳವೂ ಕೆರೆದುಹೋಗುವುದಿಲ್ಲ. ಆ ಪಾಚಿಗಾರ್ತಿಯರಲ್ಲಿ ಒಬ್ಬರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ಗಡಿ ಎಳೆಯುವ ಮೊದಲು ಇವರನ್ನು ಕೇಳಿದ್ದರೆ ನಿರ್ವಹಣಾ ಯೋಜನೆಯ ಒಂದು ಅಧ್ಯಾಯ ಪುಕ್ಕಟೆಯಾಗಿ ಸಿಗುತ್ತಿತ್ತು.

ನಿಯಮ ಯಾವ ಜೀವಿಯ ಲಯಕ್ಕೆ

ನಿಷೇಧದ ಅವಧಿಯನ್ನು ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊಟ್ಟೆಯಿಡುವ ಕಾಲಕ್ಕೆ ಹೊಂದಿಸುತ್ತಾರೆ. ಹೆಕ್ಕುವವರ ಜೀವಿಗಳ ಲಯವೇ ಬೇರೆ. ಆಕ್ಟೋಪಸ್ ವೇಗವಾಗಿ ಬೆಳೆಯುತ್ತದೆ, ಬಾಳಿನಲ್ಲಿ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ, ಅದಕ್ಕೆ ಎರಡು ಮೂರು ತಿಂಗಳ ಸಣ್ಣ ಮುಚ್ಚುವಿಕೆ ಸಾಕು. ಕಪ್ಪೆಚಿಪ್ಪಿಗೆ ವರ್ಷಗಟ್ಟಲೆ ಬೇಕಾಗಬಹುದು. ಎಲ್ಲಕ್ಕೂ ಒಂದೇ ನಿಷೇಧ ಹೇರಿದರೆ ಒಂದಕ್ಕೆ ಅನಗತ್ಯ, ಇನ್ನೊಂದಕ್ಕೆ ಸಾಲದು.

ಮಡಗಾಸ್ಕರಿನ ನೈರುತ್ಯ ಕರಾವಳಿಯ ಅಂಡವಾಡುಆಕ ಹಳ್ಳಿಯಲ್ಲಿ 2004ರ ಕೊನೆಗೆ ಶುರುವಾದ ಪ್ರಯೋಗ ಈ ಲಯವನ್ನು ಹಿಡಿಯಿತು. ಅಲ್ಲಿನ ವೆಝೊ ಸಮುದಾಯದಲ್ಲಿ ಹವಳದ ದಿಬ್ಬದ ಮೇಲೆ ನಡೆದು ಆಕ್ಟೋಪಸ್ ಹುಡುಕುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಮೊದಲ ಬಾರಿ ಒಂದು ಜಾಗವನ್ನು ಸುಮಾರು ಏಳು ತಿಂಗಳು ಮುಚ್ಚಿದರು. ಮುಂದೆ ಅದು ಎರಡು ಮೂರು ತಿಂಗಳ ಪದ್ಧತಿಯಾಗಿ ನೆಲೆಯೂರಿತು, ಹಳ್ಳಿಯ ಆಕ್ಟೋಪಸ್ ದಿಬ್ಬಗಳ ಸುಮಾರು ಐದನೇ ಒಂದು ಭಾಗಕ್ಕೆ ಮಾತ್ರ. ಉಳಿದ ನಾಲ್ಕು ಭಾಗ ತೆರೆದೇ ಇರುತ್ತದೆ, ಆದ್ದರಿಂದ ಮುಚ್ಚಿದ ದಿನಗಳಲ್ಲೂ ಒಲೆ ಉರಿಯುತ್ತದೆ. ಆ ಕರಾವಳಿಯ ಹಳ್ಳಿಗಳು ಸೇರಿ ಕಟ್ಟಿದ ವೆಲೊಂಡ್ರಿಯಾಕೆ ರಕ್ಷಿತ ಪ್ರದೇಶ ಬೆಳೆದದ್ದು ಈ ಸಣ್ಣ ಮುಚ್ಚುವಿಕೆಯಿಂದ.

ಇಂಥ ಪದ್ಧತಿ ಎಡವುವುದು ತೆರೆಯುವ ದಿನ. ಬೆಳೆದ ಆಕ್ಟೋಪಸ್ ತುಂಬಿದ ದಿಬ್ಬಕ್ಕೆ ಅಂದು ಹೊರಗಿನವರೂ ನುಗ್ಗುತ್ತಾರೆ. ಮೂರು ತಿಂಗಳು ತಡೆದುಕೊಂಡವಳು ದಿಬ್ಬದ ಮೇಲೆ ನಡೆದು ತಲುಪುವ ಹೊತ್ತಿಗೆ, ದೋಣಿಯಲ್ಲಿ ಬಂದು ಮುಳುಗುವವನು ಅಂಚಿನ ದೊಡ್ಡವನ್ನೆಲ್ಲ ಹೊತ್ತು ಹೋಗಿರುತ್ತಾನೆ. ಅಂದಿನ ಧಾರಣೆಯೂ ಕುಸಿಯುತ್ತದೆ. ಅದಕ್ಕೇ ತೆರೆಯುವ ವಿಧಾನವನ್ನು ಮುಚ್ಚುವ ಮೊದಲೇ ಬರೆದಿಡಬೇಕು: ಮೊದಲ ಎರಡು ಮೂರು ಇಳಿತ ಕಾಲ್ನಡಿಗೆಯವರಿಗೆ ಮಾತ್ರ, ದೋಣಿ ಮತ್ತು ಮುಳುಗು ಆಮೇಲೆ. ಕೊಳ್ಳುವವರೊಡನೆ ಕನಿಷ್ಠ ದರ ಮುಂಚೆಯೇ ಮಾತಾಗಿರಬೇಕು. ಈ ಒಂದು ಕಲಮಿನಿಂದ ಲಾಭ ಯಾರ ಕೈಗೆ ಎಂಬುದು ತೀರ್ಮಾನವಾಗುತ್ತದೆ.

ಸಲಕರಣೆ ನಿಷೇಧದ್ದು ಇನ್ನೊಂದು ತೊಡಕು. ಸೊಳ್ಳೆಪರದೆಯಲ್ಲಿ ಕಡಲಹುಲ್ಲಿನ ನಡುವೆ ಮರಿಮೀನು ಸೋಸುವುದು ಹಾನಿಕರ, ಅದನ್ನು ನಿಲ್ಲಿಸಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಹಾಗೆ ಸೋಸುವವರು ಬಲೆ ಕೊಳ್ಳಲು ದುಡ್ಡಿಲ್ಲದವರು, ಅನೇಕ ಕಡೆ ಹೆಂಗಸರು. ನಿಷೇಧದ ಆದೇಶ ಮೊದಲು ಬಂದು ಬದಲಿ ಬಲೆ ಎರಡು ವರ್ಷ ತಡವಾಗಿ ಬಂದರೆ, ನಡುವಿನ ಎರಡು ವರ್ಷ ಅವರು ರಾತ್ರಿ ಸೋಸುತ್ತಾರೆ, ಸಿಕ್ಕಿಬಿದ್ದರೆ ದಂಡ ಕಟ್ಟುತ್ತಾರೆ ಇಲ್ಲವೇ ಲಂಚ ಕೊಡುತ್ತಾರೆ. ಬದಲಿ ಮೊದಲು, ನಿಷೇಧ ಆಮೇಲೆ. ಈ ಕ್ರಮ ತಪ್ಪಿದ ಕಡೆಯೆಲ್ಲ ಕಾವಲಿನ ಖರ್ಚು ಏರುತ್ತದೆ.

ಹಕ್ಕು ಬರವಣಿಗೆಯಲ್ಲಿದ್ದರೆ

ಗ್ಯಾಂಬಿಯಾದ ತನ್ಬಿ ಜೌಗು ರಾಷ್ಟ್ರೀಯ ಉದ್ಯಾನದ ಕತೆ ಮನ್ನಾರ್ ಕೊಲ್ಲಿಯದಕ್ಕೆ ತಿರುಗಾಮುರುಗಾ. ಅಲ್ಲಿ ಕಾಂಡ್ಲಾ ಬೇರುಗಳಿಗೆ ಅಂಟಿದ ಸಿಂಪಿಗಳನ್ನು ಬಿಡಿಸಿ ಮಾರುವವರು ಹೆಂಗಸರು. 2007ರಲ್ಲಿ ಅವರು ‘ಟ್ರೈ’ ಎಂಬ ಸಿಂಪಿ ಮಹಿಳೆಯರ ಸಂಘ ಕಟ್ಟಿಕೊಂಡರು. ಬೇರನ್ನೇ ಕಡಿಯುವ ಬದಲು ಸಿಂಪಿಯನ್ನಷ್ಟೇ ಬಿಡಿಸುವುದು, ಎಳೆಯದನ್ನು ಬಿಡುವುದು, ಸುಗ್ಗಿಯ ತಿಂಗಳುಗಳನ್ನು ಕಡಿಮೆ ಮಾಡಿ ಮುಚ್ಚುವ ಅವಧಿಯನ್ನು ಹಿಗ್ಗಿಸುವುದು ಎಂದು ಒಪ್ಪಿಕೊಂಡರು. 2012ರಲ್ಲಿ ಸರ್ಕಾರ ಆ ಉದ್ಯಾನದ ಸಿಂಪಿ ಮತ್ತು ಕಪ್ಪೆಚಿಪ್ಪು ಮೀನುಗಾರಿಕೆಯ ಬಳಕೆಯ ಹಕ್ಕನ್ನು ಸಂಘಕ್ಕೇ ಪ್ರತ್ಯೇಕವಾಗಿ ಬರೆದುಕೊಟ್ಟಿತು. ಅದೇ ವರ್ಷ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಇಲ್ಲಿ ಗಮನಿಸಬೇಕಾದದ್ದು ಪ್ರಶಸ್ತಿಯನ್ನಲ್ಲ, ಕಾಗದವನ್ನು. ತಿಂಗಳುಗಟ್ಟಲೆ ಕೈ ಕಟ್ಟಿ ಕೂತರೆ ಬೆಳೆದ ಸಿಂಪಿ ತನಗೇ ಸಿಗುತ್ತದೆ ಎಂಬ ಖಾತ್ರಿ ಇಲ್ಲದೆ ಯಾರೂ ಕಾಯುವುದಿಲ್ಲ. ಗಂಡಾಗಲಿ ಹೆಣ್ಣಾಗಲಿ.

ಸ್ಪೇನಿನ ಗಲೀಸಿಯಾದಲ್ಲೂ ಅದೇ. ಅಲ್ಲಿನ ಮರಳ ದಂಡೆಗಳಲ್ಲಿ ನಡೆದು ಚಿಪ್ಪು ಬಗೆಯುವವರು ಬಹುಪಾಲು ಹೆಂಗಸರು. 1990ರ ದಶಕದಲ್ಲಿ ತರಬೇತಿ, ವೈಯಕ್ತಿಕ ಪರವಾನಗಿ, ವರ್ಷದ ನಿರ್ವಹಣಾ ಯೋಜನೆ, ದಿನಕ್ಕೆ ಒಬ್ಬರಿಗೆ ಇಂತಿಷ್ಟೇ ಕಿಲೋ ಎಂಬ ಮಿತಿ ಬಂದವು. ಮಿತಿಗಿಂತ ಹೆಚ್ಚಾಯಿತೇ, ಅಳತೆಗಿಂತ ಸಣ್ಣದು ಬಂದಿದೆಯೇ ಎಂದು ದಂಡೆಯಲ್ಲೇ ತೂಗಿ ನೋಡುತ್ತಾರೆ. ಮರಿ ಚಿಪ್ಪು ಬಿತ್ತುವುದು, ಕಳ್ಳಬೇಟೆ ಕಾಯುವುದು ಅವರದೇ ಕೆಲಸ. ಪರವಾನಗಿ ಇವರನ್ನು ‘ಗಂಡನಿಗೆ ನೆರವಾಗುವವಳು’ ಎಂಬ ಕಾಲಂನಿಂದ ತೆಗೆದು ಕಸುಬುದಾರರ ಕಾಲಂಗೆ ಹಾಕಿತು, ಅದರ ಹಿಂದೆಯೇ ಸಾಮಾಜಿಕ ಭದ್ರತೆಯೂ ಮೀನುಗಾರ ಸಂಘದ ಸದಸ್ಯತ್ವವೂ ಬಂದವು. ನಷ್ಟವೂ ಇಲ್ಲದಿಲ್ಲ: ಪರವಾನಗಿ ಸೀಮಿತವಾದಾಗ ಹವ್ಯಾಸಕ್ಕೋ ಹೊಟ್ಟೆಪಾಡಿಗೋ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದವರು ಹೊರಗುಳಿಯುತ್ತಾರೆ. ಹಕ್ಕು ಬರೆದುಕೊಡುವುದೆಂದರೆ ಯಾರನ್ನೋ ಹೊರಗಿಡುವುದೂ ಹೌದು, ಅದನ್ನು ಮುಚ್ಚಿಡಬಾರದು.

ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಉಸಿರು ಬಿಗಿಹಿಡಿದು ಮುಳುಗುವ ಹೆನ್ಯೊ ಮಹಿಳೆಯರ ಸಂಸ್ಕೃತಿ 2016ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಯಾವ ದಿನ ಎಷ್ಟು ಹೊತ್ತು ಮುಳುಗಬೇಕು, ಎಷ್ಟು ಅಳತೆಯದನ್ನು ಬಿಡಬೇಕು ಎಂಬುದನ್ನು ಹಳ್ಳಿಯ ಸಂಘದೊಳಗೇ ನಿರ್ಧರಿಸಿಕೊಳ್ಳುವ ವ್ಯವಸ್ಥೆ ಅವರದು. ಈಗ ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ನಿರ್ವಹಣೆಯ ಮಾದರಿ ಎಷ್ಟೇ ಚೆನ್ನಾಗಿದ್ದರೂ ಕಸುಬಿನಲ್ಲಿ ಆದಾಯವಿಲ್ಲದಿದ್ದರೆ ಅದನ್ನು ಮುಂದುವರಿಸುವವರು ಇರುವುದಿಲ್ಲ.

ಸಭೆಯ ಹೊತ್ತು, ಸಹಿಯ ಪುಸ್ತಕ

ಈಗ ಕುರ್ಚಿಗಳ ವಿಷಯ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಭಾರತ ಮತ್ತು ನೇಪಾಳದ ಸಮುದಾಯ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿ, ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರು ಶೇ 25ರಿಂದ 33ರಷ್ಟಾದಾಗ ಅವರ ಹಾಜರಿ ಮತ್ತು ಮಾತು ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ತೋರಿಸಿದರು. ಅದು ಕಾಡಿನ ಅಂಕಿ, ಕಡಲಿಗೆ ಹಾಗೇ ಹೊಂದುತ್ತದೆಂದು ಹೇಳುವಂತಿಲ್ಲ. ಆದರೂ ಹದಿನೈದು ಜನರ ಸಮಿತಿಯಲ್ಲಿ ಒಬ್ಬಳನ್ನು ಕೂರಿಸಿದರೆ ಏನೂ ಆಗದು, ಐವರಿದ್ದರೆ ಆಗಬಹುದು ಎಂಬಷ್ಟು ದಿಕ್ಕು ಅದರಿಂದ ಸಿಗುತ್ತದೆ. ಫಿಲಿಪ್ಪೀನ್ಸಿನ 1998ರ ಮೀನುಗಾರಿಕೆ ಸಂಹಿತೆ ಪುರಸಭಾ ಮಟ್ಟದ ಮೀನುಗಾರಿಕೆ ಮಂಡಳಿಗಳಲ್ಲಿ ಯುವಜನ ಮತ್ತು ಮಹಿಳೆಯರ ಪ್ರತಿನಿಧಿಗಳು ಇರಬೇಕೆಂದು ಹೇಳುತ್ತದೆ. ಇಂಥ ಸಾಲು ಬಾಗಿಲು ತೆರೆಯುತ್ತದೆ, ಒಳಗೆ ಎಷ್ಟು ಜನ ಎಂದು ಹೇಳುವುದಿಲ್ಲ.

ಸ್ಥಾನವನ್ನು ‘ಮಹಿಳೆ’ ಎಂದಷ್ಟೇ ಮೀಸಲಿಟ್ಟರೆ ಅದು ಮುಖಂಡನ ಹೆಂಡತಿಗೋ ದೊಡ್ಡ ವ್ಯಾಪಾರಿಗೋ ಹೋಗುತ್ತದೆ. ಹೆಕ್ಕುವವಳ ಹಿತವೂ ಸಗಟು ಕೊಳ್ಳುವವಳ ಹಿತವೂ ಒಂದೇ ಅಲ್ಲ, ಧಾರಣೆಯ ವಿಷಯದಲ್ಲಿ ಪೂರ್ತಿ ಎದುರುಬದುರು. ಕಸುಬಿನ ಪ್ರಕಾರ ಹಂಚುವುದು ಮೇಲು: ಕಾಲ್ನಡಿಗೆಯಲ್ಲಿ ಹೆಕ್ಕುವವರಿಂದ ಇಬ್ಬರು, ಒಣಗಿಸುವವರಿಂದ ಒಬ್ಬರು, ಚಿಲ್ಲರೆ ಮಾರುವವರಿಂದ ಒಬ್ಬರು, ವಿಧವೆಯರು ಮತ್ತು ಒಂಟಿಯಾಗಿ ಮನೆ ನಡೆಸುವವರಿಂದ ಒಬ್ಬರು. ಆಯ್ಕೆ ಆಯಾ ಗುಂಪಿನದೇ.

ಸಭೆಯ ಸಮಯಕ್ಕೆ ಕಡಲಿನದೇ ಒಂದು ತೊಡಕಿದೆ. ದಿನಕ್ಕೆರಡು ಭರತ ಬರುವ ಕರಾವಳಿಯಲ್ಲಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಆದರೆ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತ ಮಾತ್ರ ಒಂದು ಜಾಗದಲ್ಲಿ ಯಾವಾಗಲೂ ಹೆಚ್ಚುಕಡಿಮೆ ಗಡಿಯಾರದ ಅದೇ ಹೊತ್ತಿಗೆ ಬೀಳುತ್ತದೆ. ಆ ಹೊತ್ತು ಬೆಳಿಗ್ಗೆ ಹನ್ನೊಂದಾದ ಊರಿನಲ್ಲಿ ಹುಣ್ಣಿಮೆಯ ದಿನ ಹನ್ನೊಂದು ಗಂಟೆಗೆ ಸಭೆ ಕರೆಯುವುದೂ ಹೆಂಗಸರಿಗೆ ಬರಬೇಡಿ ಎನ್ನುವುದೂ ಒಂದೇ. ಅಷ್ಟಮಿ ಕಳೆದ ಒಂದೆರಡು ದಿನಗಳಲ್ಲಿ ಇಟ್ಟರೆ ಹೆಕ್ಕುವವರು ಸಿಗುತ್ತಾರೆ. ವರ್ಷದ ಸಭೆಗಳ ಪಟ್ಟಿಯನ್ನು ಪಂಚಾಂಗ ಮತ್ತು ಭರತದ ಕೋಷ್ಟಕ ಎದುರಿಗಿಟ್ಟುಕೊಂಡೇ ಮಾಡಬೇಕು, ಖರ್ಚಿಲ್ಲದ ಸುಧಾರಣೆ ಇದು.

ಕೋರಂ ನಿಯಮವೂ ಅಷ್ಟೇ ಮುಖ್ಯ. ಮೂರನೇ ಒಂದರಷ್ಟು ಸ್ಥಾನ ಮೀಸಲಿಟ್ಟು, ಆ ಸದಸ್ಯೆಯರು ಬಾರದಿದ್ದರೂ ಸಭೆ ನಡೆಯಬಹುದು ಎಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು: ಠರಾವು ಪುಸ್ತಕ ಆಮೇಲೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಗಡಿ, ನಿಷೇಧ ಅವಧಿ, ದಂಡ, ಪರಿಹಾರ ಈ ನಾಲ್ಕು ವಿಷಯಗಳಿಗಾದರೂ ಮಹಿಳಾ ಸದಸ್ಯರಲ್ಲಿ ಅರ್ಧದಷ್ಟು ಹಾಜರಿರದೆ ಠರಾವು ಊರ್ಜಿತವಲ್ಲ ಎಂದು ಬರೆಯಬೇಕು. ಅಳೆಯುವಾಗಲೂ ತಲೆ ಎಣಿಸಿದರೆ ಸಾಲದು. ಅವರು ಎತ್ತಿದ ವಿಷಯಗಳಲ್ಲಿ ಎಷ್ಟು ನಿಯಮವಾದವು, ಅವರ ಆಕ್ಷೇಪದಿಂದ ಎಷ್ಟು ಗೆರೆ ಸರಿದವು ಎಂಬುದನ್ನು ಬರೆದಿಟ್ಟರೆ ಸಾಕು.

ಹಣ ಮತ್ತು ದುಡಿಮೆ

ನಿಷೇಧದ ಪರಿಹಾರ ಸಾಮಾನ್ಯವಾಗಿ ದೋಣಿಯ ನೋಂದಣಿಗೋ ಮನೆಯ ಯಜಮಾನನ ಹೆಸರಿಗೋ ಹೋಗುತ್ತದೆ. ದೋಣಿ ನಿಂತರೆ ಮೀನು ಒಣಗಿಸುವವಳ, ತಲೆಹೊರೆಯಲ್ಲಿ ಮಾರುವವಳ ಕೆಲಸವೂ ನಿಲ್ಲುತ್ತದೆ, ಆದರೆ ಅವಳ ಕಸುಬಿಗೆ ನೋಂದಣಿಯೇ ಇಲ್ಲ. ಪುರಾವೆ ಕೇಳಿದರೆ ಕೊಡಲು ಏನಿದೆ? ಕೊಳ್ಳುವವನ ಲೆಕ್ಕದ ಪುಸ್ತಕ, ಸಂತೆಯ ಸುಂಕದ ಚೀಟಿ, ಅದೇ ಕಸುಬಿನ ಮೂವರ ಸಾಕ್ಷಿ. ಇವನ್ನು ದಾಖಲೆಯೆಂದು ಒಪ್ಪುವ ಒಂದು ಸಾಲು ಆದೇಶದಲ್ಲಿ ಇರಬೇಕು, ಹಣ ಅವಳ ಹೆಸರಿನ ಖಾತೆಗೇ ಬರಬೇಕು.

ಮೀನು ಕಡಿಮೆಯಾದಾಗ ಇನ್ನೊಂದು ಕತ್ತಲೆಯ ವ್ಯವಹಾರ ತಲೆಯೆತ್ತುತ್ತದೆ. ವಿಕ್ಟೋರಿಯಾ ಸರೋವರದ ಕೀನ್ಯಾ ದಡದಲ್ಲಿ ‘ಜಬೋಯಾ’ ಎಂದು ಕರೆಯುವ ಪದ್ಧತಿಯಲ್ಲಿ, ಮೀನು ಮಾರುವ ಹೆಂಗಸು ಮೀನಿನ ಖಾತ್ರಿಗಾಗಿ ದೋಣಿಯವನೊಡನೆ ದೇಹ ಸಂಬಂಧಕ್ಕೆ ಒಪ್ಪಬೇಕಾಗುತ್ತದೆ. ಅದು ಸಿಹಿನೀರಿನ ಉದಾಹರಣೆ, ಆದರೆ ಕಾರಣ ಕಡಲಿಗೂ ಒಂದೇ: ಪೂರೈಕೆ ಕುಗ್ಗಿದಾಗ ದೋಣಿ ಇರುವವನ ಕೈ ಮೇಲಾಗುತ್ತದೆ. ಹಿಡಿಯುವ ಮೀನನ್ನು ಕಡಿಮೆ ಮಾಡುವ ಯಾವುದೇ ನಿಯಮ ತರುವಾಗ, ಆ ತಿಂಗಳುಗಳಲ್ಲಿ ಹೆಂಗಸರಿಗೆ ಸಾಲದ ಸೌಲಭ್ಯ, ಬಹಿರಂಗ ಹರಾಜು, ಸಂಘದ ಮೂಲಕ ಖರೀದಿ ಇವುಗಳಲ್ಲಿ ಯಾವುದಾದರೂ ಒಂದು ಜಾರಿಯಲ್ಲಿರಬೇಕು.

ಬದಲಿ ಜೀವನೋಪಾಯ ಎಂದು ಕೊಡುವುದರಲ್ಲೂ ಗಾಳ ಅಡಗಿರುತ್ತದೆ. ಜಂಜಿಬಾರಿನಲ್ಲಿ ಸುಮಾರು 1989ರಿಂದ ಹಬ್ಬಿದ ಕಡಲ ಪಾಚಿ ಕೃಷಿಯಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಆಳವಿಲ್ಲದ ನೀರು ಬಿಸಿಯಾಗುತ್ತಾ ಬಂದಂತೆ ಹೆಚ್ಚು ಬೆಲೆಯ ‘ಕೊಟ್ಟೋನಿ’ ತಳಿ ಸಾಯತೊಡಗಿತು, ಉಳಿದದ್ದು ಅಗ್ಗದ ‘ಸ್ಪಿನೋಸಮ್’. ಕೊಟ್ಟೋನಿ ಬೆಳೆಯಬೇಕಾದರೆ ಆಳದ, ತಂಪಾದ ನೀರಿಗೆ ಹೋಗಬೇಕು. ಅಲ್ಲಿಗೆ ದೋಣಿ ಬೇಕು, ಈಜು ಬರಬೇಕು. ಅನೇಕರಿಗೆ ಎರಡೂ ಇಲ್ಲ. ಇಂಥ ಕಡೆ ಯೋಜನೆಯ ಮೊದಲ ಖರ್ಚು ಬೀಜದ ಪಾಚಿಗಲ್ಲ, ಈಜು ತರಬೇತಿಗೆ ಹೋಗಬೇಕು.

ದುಡಿಮೆಯ ಹಂಚಿಕೆ ನೋಡಿದರೆ ಒಂದು ಹಳೆಯ ಚಾಳಿ ಕಣ್ಣಿಗೆ ಬೀಳುತ್ತದೆ. ಸಂಬಳದ ಕಾವಲು ಗಂಡಸರಿಗೆ, ಪುಕ್ಕಟೆ ಕಾಂಡ್ಲಾ ನೆಡುವುದು ಮತ್ತು ದಂಡೆ ಗುಡಿಸುವುದು ಹೆಂಗಸರಿಗೆ. ವರದಿಯಲ್ಲಿ ಎರಡನೆಯದು ‘ಮಹಿಳಾ ಸಹಭಾಗಿತ್ವ’. ಕಾವಲಿಗೆ ಮಹಿಳೆಯರನ್ನು ತೆಗೆದುಕೊಂಡ ಕಡೆಯೂ ಅವರು ಬಿಟ್ಟುಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಧೈರ್ಯದ ಕೊರತೆಯಲ್ಲ, ಹನ್ನೆರಡು ತಾಸಿನ ಗಸ್ತು ದೋಣಿಯಲ್ಲಿ ಶೌಚದ ವ್ಯವಸ್ಥೆಯಿಲ್ಲದಿರುವುದು, ಮೈಗೆ ಹೊಂದದ ಜೀವರಕ್ಷಕ ಜಾಕೆಟ್, ಪಾಳಿಯಲ್ಲಿ ಒಬ್ಬಳೇ ಇರುವುದು. ಒಂದು ಪಾಳಿಗೆ ಕನಿಷ್ಠ ಇಬ್ಬರು ಮಹಿಳೆಯರು, ಕಿರುಕುಳದ ದೂರು ಗಸ್ತಿನ ಮೇಲಧಿಕಾರಿಗಲ್ಲದೆ ಹೊರಗಿನವರಿಗೆ ಕೊಡುವ ದಾರಿ, ಬಸಿರು ಬಾಣಂತನದಲ್ಲಿ ದಡದ ಕೆಲಸ ಮತ್ತು ಅದೇ ಸಂಬಳ. ಇವಿಲ್ಲದೆ ನೇಮಕಾತಿ ಜಾಹೀರಾತು ಕೊಟ್ಟು ಫಲವಿಲ್ಲ. ವಿಜ್ಞಾನದ ಕಡೆ ಸ್ಥಿತಿ ಕೊಂಚ ವಾಸಿ: ಯುನೆಸ್ಕೊದ 2017ರ ಜಾಗತಿಕ ವರದಿಯಂತೆ ಸಾಗರ ವಿಜ್ಞಾನದ ಸಂಶೋಧಕರಲ್ಲಿ ಮಹಿಳೆಯರು ಸರಾಸರಿ ಶೇ 38.

2030ರ ಅವಸರ

ಇದೆಲ್ಲ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿದ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟಿನ ಮೂರನೇ ಗುರಿ, 2030ರೊಳಗೆ ನೆಲ ಮತ್ತು ಕಡಲಿನ ಶೇ 30 ಭಾಗವನ್ನು ಸಂರಕ್ಷಣೆಗೆ ಒಳಪಡಿಸಬೇಕೆನ್ನುತ್ತದೆ. ಅದೇ ಚೌಕಟ್ಟಿನ 23ನೇ ಗುರಿ ಲಿಂಗ ಸಮಾನತೆಯದು: ನೆಲ ಮತ್ತು ನೈಸರ್ಗಿಕ ಸಂಪತ್ತಿನ ಮೇಲೆ ಸಮಾನ ಹಕ್ಕು, ತೀರ್ಮಾನದಲ್ಲಿ ಪೂರ್ಣ ಪಾಲು, ನಾಯಕತ್ವ. 2014ರ ಸಣ್ಣ ಪ್ರಮಾಣದ ಮೀನುಗಾರಿಕೆಯ ಸ್ವಯಂಪ್ರೇರಿತ ಮಾರ್ಗಸೂಚಿಯಲ್ಲೂ ಲಿಂಗ ಸಮಾನತೆಗೆ ಪ್ರತ್ಯೇಕ ಅಧ್ಯಾಯವಿದೆ. 2023ರಲ್ಲಿ ಅಂಗೀಕಾರವಾದ, ಯಾವ ದೇಶಕ್ಕೂ ಸೇರದ ದೂರಸಾಗರದ ಜೀವವೈವಿಧ್ಯದ ಒಪ್ಪಂದ ತನ್ನ ವೈಜ್ಞಾನಿಕ ಮಂಡಳಿಯಲ್ಲಿ ಲಿಂಗ ಸಮತೋಲನ ನೋಡಬೇಕೆನ್ನುತ್ತದೆ. ಕಾಗದಕ್ಕೆ ಕೊರತೆಯಿಲ್ಲ. ಆದರೆ ಮೂರನೇ ಗುರಿಯನ್ನು ಚದರ ಕಿಲೋಮೀಟರಿನಲ್ಲಿ ಅಳೆದು ತೋರಿಸಬಹುದು, ಇಪ್ಪತ್ತಮೂರನೆಯದನ್ನು ಹಾಗೆ ಅಳೆಯಲಾಗದು. ಗಡುವು ಹತ್ತಿರವಾದಂತೆ ಅಳೆಯಬಲ್ಲದ್ದೇ ಗೆಲ್ಲುತ್ತದೆ, ಗೆರೆಗಳು ಬೇಗ ಬೇಗ ಬೀಳುತ್ತವೆ.

ಕರಡು ನಕ್ಷೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಟ್ಟರೆ ಅದರಲ್ಲಿ ನಾಲ್ಕು ದೊಡ್ಡ ಇಳಿತಗಳು ಬರುತ್ತವೆ. ಅವುಗಳಲ್ಲಿ ಎರಡರಲ್ಲಾದರೂ ಅಧಿಕಾರಿ ನಕ್ಷೆ ಹಿಡಿದು ದಂಡೆಗೆ ಇಳಿಯಬೇಕು, ಬುಟ್ಟಿ ಹಿಡಿದವರ ಜೊತೆ ಗೆರೆಯ ಉದ್ದಕ್ಕೂ ನಡೆಯಬೇಕು, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡು ಓದಿ ಹೇಳಬೇಕು. ಲಿಖಿತ ಅರ್ಜಿ ತರಲು ಹೇಳಿ ಕಚೇರಿಯಲ್ಲಿ ಕೂತರೆ ಬರುವುದು ದೋಣಿ ಸಂಘದ ಲೆಟರ್‌ಹೆಡ್ ಮಾತ್ರ.